ಇಕ್ಕಳ ಹಿಡಿದ ತಾಯಿ

ಮನುಷ್ಯನ ಭಕ್ತಿಯ ಆಳವನ್ನು ಅಳೆಯಲು ಜ್ಞಾನಿಗಳು ಶತಮಾನಗಳಿಂದ ಹೆಣಗಿದ್ದಾರೆ. ಅಷ್ಟು ಶ್ರಮ ಬೇಕಿರಲಿಲ್ಲ. ಕೆಳದವಡೆಯ ಕೊನೆಯ ಹಲ್ಲಿನ ಬೇರು ಎಷ್ಟು ಆಳವೋ ಅಷ್ಟೇ.

ಹೋದ ತಿಂಗಳು ನನ್ನ ಎಡಗೆನ್ನೆ ಊದಿಕೊಂಡಿತು. ಲವಂಗ ಕಚ್ಚಿದೆ. ಇಂಗು ತುಂಬಿದೆ. ಕುರುಡುಮಲೆ ಗಣಪತಿಗೆ ಹರಕೆ ಹೊತ್ತೆ. (ಸ್ವತಃ ಒಂದು ದಂತ ಮುರಿದುಕೊಂಡವನು, ನನ್ನ ಕಷ್ಟ ಅವನಿಗಲ್ಲದೆ ಇನ್ನಾರಿಗೆ ತಿಳಿದೀತು?) ಕೆನ್ನೆ ಮಾತ್ರ ಇಳಿಯಲಿಲ್ಲ.

ಕೊನೆಗೆ ಸೋದರತ್ತೆ ನಂಜಮ್ಮನವರೇ ನನ್ನನ್ನು ಮುಳಬಾಗಿಲಿನ ಡಿಸ್ಪೆನ್ಸರಿಗೆ ಎಳೆದುಕೊಂಡು ಹೋದರು. ಅತ್ತೆಗೆ ಅರವತ್ತು ದಾಟಿದೆ. ಹನ್ನೊಂದನೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆ ಸೇರಿದವರು. ಮಡಿಯಲ್ಲಿ ಮಹಾ ಕಟ್ಟುನಿಟ್ಟು. ನನಗೆ ನಲವತ್ತಾದರೂ ಅವರ ಪಾಲಿಗೆ ನಾನಿನ್ನೂ ‘ಲೋ ಸೀನ’.

ಡಾಕ್ಟರು ಬಾಯೊಳಗೆ ಇಣುಕಿ, "ಕೀಳಲೇಬೇಕು. ಕೀವು ದವಡೆಗೆ ಇಳಿದರೆ ಕೋಲಾರಕ್ಕೆ ಕಳಿಸಬೇಕಾಗುತ್ತೆ. ಮರಗಟ್ಟಿಸೋ ಇಂಜೆಕ್ಷನ್ ಇಲ್ಲ, ಯುದ್ಧ ಶುರುವಾದ ಮೇಲೆ ಬರ್ತಾ ಇಲ್ಲ" ಎಂದರು.

"ಸೋಮವಾರ ಬರ್ತೀನಿ ಸಾರ್" ಎಂದೆ.

"ಹೋದ ಸೋಮವಾರಾನೂ ಹೀಗೇ ಅಂದ್ರಿ."

ಅಷ್ಟರಲ್ಲಿ ಅತ್ತೆಯ ಕಣ್ಣು ನರ್ಸಮ್ಮನ ರಿಜಿಸ್ಟರಿನ ಮೇಲೆ ಬಿತ್ತು. ನರ್ಸಮ್ಮ ಕಥೋಲಿಕರು. ರಿಜಿಸ್ಟರಿನೊಳಗೆ ಅಂಗೈಯಗಲದ ಒಂದು ಪಟ. ಪಟದಲ್ಲಿ ಒಬ್ಬ ಹೆಣ್ಣುಮಗಳು. ಕೈಯಲ್ಲಿ ಇಕ್ಕಳ, ಇಕ್ಕಳದಲ್ಲಿ ಹಲ್ಲು.

"ಯಾರಮ್ಮ ಈಕೆ? ಡಾಕ್ಟರ ಮನೆಯವರಾ?"

"ಸಂತ ಅಪೊಲ್ಲೋನಿಯಾ, ದೊಡ್ಡಮ್ಮ. ಬಹಳ ಹಿಂದೆ, ಈಜಿಪ್ಟ್ ದೇಶದಲ್ಲಿದ್ರು. ಮದುವೆ ಆಗದೆ ದೇವರ ಸೇವೇಲಿ ಇದ್ದೋರು. ನಿನ್ನ ದೇವರನ್ನ ಬಿಡು ಅಂತ ಜನ ಸುತ್ತುಗಟ್ಟಿದ್ರು. ಬಿಡಲ್ಲ ಅಂದ್ರು. ಹಲ್ಲೆಲ್ಲಾ ಉದುರೋ ಹಾಗೆ ಹೊಡೆದ್ರು. ಆಮೇಲೆ ಬೆಂಕಿ ಹಾಕಿ ಸುಡ್ತೀವಿ ಅಂದ್ರೆ, ತಾವೇ ಹೋಗಿ ಬೆಂಕೀಗೆ ಬಿದ್ರು. ಹಲ್ಲು ನೋವು ಬಂದ್ರೆ ನಾವು ಅವರನ್ನೇ ಬೇಡಿಕೊಳ್ಳೋದು."

"ಅಯ್ಯೋ ಪಾಪಂ. ಇಷ್ಟು ಚಿಕ್ಕ ಹುಡುಗೀನಾ?"

"ಪಟದಲ್ಲಿ ಹಾಗೆ ಬರೀತಾರೆ. ವಯಸ್ಸಾಗಿತ್ತು ಅಂತಾರೆ ನಮ್ಮ ಪಾದ್ರಿಗಳು."

ಅತ್ತೆ ಪಟವನ್ನು ಹತ್ತಿರಕ್ಕೆ ತಂದುಕೊಂಡು ನೋಡಿದರು. ಬಹಳ ಹೊತ್ತು ನೋಡಿದರು.

ನನಗೋ, ಮುಳುಗುವವನಿಗೆ ದಡ ಕಂಡಂತಾಯಿತು. "ಹರಕೆ ಹೊತ್ತರೆ ಹಲ್ಲು ಕೀಳದೇ ವಾಸಿಯಾಗುತ್ತಾ, ನರ್ಸಮ್ಮ?"

"ಧೈರ್ಯ ಕೊಡ್ತಾರೆ ಸ್ವಾಮಿ. ಕೀಳೋದು ಡಾಕ್ಟ್ರೇ."

"ನೈವೇದ್ಯ ಏನು ಮಾಡ್ತೀರಿ?" ಅತ್ತೆ ಕೇಳಿದರು.

"ಮೇಣದಬತ್ತಿ ಹಚ್ತೀವಿ."

"ಬರೀ ಬತ್ತಿ ಹಚ್ಚಿ ಉಪವಾಸ ಕೆಡವಿದ್ದೀರಾ ಆಕೇನ? ಹಲ್ಲಿಲ್ಲದೋಳು, ಕಾಯಿ ಗೀಯಿ ಆಗೋಲ್ಲ. ಬಾಳೆಹಣ್ಣಿನ ರಸಾಯನ ಮಾಡಿ ಕಳಿಸ್ತೀನಿ, ಪಟದ ಮುಂದೆ ಇಡು."

ನರ್ಸಮ್ಮ ನಗು ತಡೆದುಕೊಂಡು ತಲೆಯಾಡಿಸಿದರು. (ಎರಡು ಧರ್ಮಗಳ ನಡುವಿನ ಒಪ್ಪಂದ ಇಷ್ಟು ಸಲೀಸಾಗಿ ಮುಗಿದದ್ದನ್ನು ನಮ್ಮ ಮುಖಂಡರು ಗಮನಿಸಬಹುದು.)

ಅನಂತರ ಅತ್ತೆ ಸೆರಗು ಹೊದ್ದು ಕುರ್ಚಿಯ ಬಳಿಗೆ ನಡೆದರು.

"ಡಾಕ್ಟ್ರೇ, ಮೊದಲು ನನ್ನದು ಕೀಳಿ. ಬಲಗಡೆ, ಮೇಲಿಂದು. ನಾಲ್ಕು ವರ್ಷದಿಂದ ತಿಂತಾ ಇದೆ."

ನಾನು ದಂಗಾದೆ. ನಾಲ್ಕು ವರ್ಷ ಮನೆಯಲ್ಲಿ ಯಾರಿಗೂ ಉಸಿರೆತ್ತಿರಲಿಲ್ಲ. ಪರಪುರುಷನ ಕೈ ಬಾಯೊಳಗೆ ಹೋಗುವುದಕ್ಕಿಂತ ನೋವೇ ಲೇಸೆಂದುಕೊಂಡಿದ್ದರಂತೆ.

"ಅತ್ತೆ, ಮಡಿ?"

"ತಲೆ ಮೇಲೆ ನಾಲ್ಕು ಚೆಂಬು ನೀರು ಸುರ್ಕೊಂಡ್ರೆ ಆಯ್ತು. ನಿನಗ್ಯಾಕೋ ಆ ಚಿಂತೆ? ಆಕೆ ಬಾಯಿತುಂಬಾ ಕೊಟ್ಳು. ನಾನು ಒಂದು ಕೊಡಲಾರೆನಾ?"

ಕುರ್ಚಿಯ ಕೈ ಹಿಡಿದು, ಕಣ್ಣು ಮುಚ್ಚಿದರು. ಡಾಕ್ಟರು ಎಳೆದರು. ಅತ್ತೆ ಕಮಕ್ ಕಿಮಕ್ ಅನ್ನಲಿಲ್ಲ. ಬಾಯಿಗೆ ಹತ್ತಿ ಇಟ್ಟುಕೊಂಡು ಎದ್ದು ಬಂದು, ನನಗೆ ಬೆರಳಿನಿಂದ ಕುರ್ಚಿ ತೋರಿಸಿದರು.

ಬಾಗಿಲ ಬಳಿ ಕಾಲಿಗೆ ಕಟ್ಟು ಕಟ್ಟಿಸಿಕೊಳ್ಳಲು ನಂಗಲಿಯಿಂದ ಬಂದಿದ್ದ ರೈತನೊಬ್ಬ ಕೂತಿದ್ದ. "ಕೂತ್ಕೊಳಿ ಸ್ವಾಮಿ, ಅಜ್ಜೀನೇ ಕೂತ್ರು" ಎಂದ.

ಓದುಗ ಮಹಾಶಯರೇ, ಆಮೇಲೂ ಸೋಮವಾರದ ಮಾತೆತ್ತಲು ಯಾವ ಗಂಡಸಿಗೆ ಬಾಯಿ ಬರುತ್ತದೆ?

ಕೂತೆ. ಹಲ್ಲು ಎರಡನೆಯ ಎಳೆತಕ್ಕೆ ಬಂತು. ನಾನು ಕಿರುಚಿದ್ದು ಬಜಾರಿನವರೆಗೆ ಕೇಳಿಸಿತಂತೆ.