ಹದಿಮೂರನೇ ಪ್ರಶ್ನೆಯ ಎರಡನೇ ತ್ರಿಭುಜ

ಆಗಸ್ಟ್ ತಿಂಗಳ ಎರಡನೇ ಶನಿವಾರ, ಕಾಲೇಜಿನ ಆಯ್ಕೆ ಪರೀಕ್ಷೆಯಲ್ಲಿ, ಹದಿಮೂರನೇ ಪ್ರಶ್ನೆಗೆ ನಾನು ಎರಡು ಉತ್ತರ ಕೊಟ್ಟೆ. ಕೊಡಬಾರದೆಂದು ಗೊತ್ತಿತ್ತು. ಮೆಷಿನ್ ಓದುವ ಓಎಂಆರ್ ಹಾಳೆಯಲ್ಲಿ ಪ್ರತಿ ಪ್ರಶ್ನೆಗೂ 0 ಯಿಂದ 9 ರವರೆಗಿನ ಎರಡು ಸಾಲು ವೃತ್ತಗಳಿರುತ್ತವೆ, ಒಂದು ಹತ್ತರ ಸ್ಥಾನಕ್ಕೆ, ಇನ್ನೊಂದು ಬಿಡಿ ಸ್ಥಾನಕ್ಕೆ. ಒಂದು ಸಾಲಿನಲ್ಲಿ ಒಂದನ್ನು ಮಾತ್ರ ಕಪ್ಪು ಮಾಡಬೇಕು. ನಾನು ಬಿಡಿ ಸ್ಥಾನದಲ್ಲಿ 4 ತುಂಬಿಸಿದೆ. ಹತ್ತರ ಸ್ಥಾನದಲ್ಲಿ 8 ತುಂಬಿಸಿ, ಸ್ವಲ್ಪ ಹೊತ್ತು ಪೆನ್ನು ಎತ್ತಿಹಿಡಿದು ಕೂತು, ಆಮೇಲೆ 2 ಕೂಡ ತುಂಬಿಸಿದೆ.

ಪ್ರಶ್ನೆ ಇಷ್ಟೇ. ABC ತ್ರಿಭುಜದಲ್ಲಿ AB 15, AC 13, A ಯಿಂದ BC ಗೆ ಎಳೆದ ಲಂಬ 12. ವಿಸ್ತೀರ್ಣ ಎಷ್ಟು? ಲಂಬ ನೆಲ ಮುಟ್ಟುವ ಜಾಗ B ಯಿಂದ 9 ದೂರದಲ್ಲಿದೆ, C ಯಿಂದ 5 ದೂರದಲ್ಲಿದೆ. ಅದು B ಮತ್ತು C ನಡುವೆ ಬಿದ್ದರೆ BC 14, ವಿಸ್ತೀರ್ಣ 84. ನಡುವೆಯೇ ಬೀಳಬೇಕೆಂದು ಪ್ರಶ್ನೆಯಲ್ಲಿ ಎಲ್ಲೂ ಇರಲಿಲ್ಲ. B ಇರುವ ಕಡೆಗೇ C ಕೂಡ ಇದ್ದರೆ ಲಂಬ ತ್ರಿಭುಜದ ಹೊರಗೆ ಬೀಳುತ್ತದೆ. ಆಗ BC 4, ವಿಸ್ತೀರ್ಣ 24. ಎರಡೂ ತ್ರಿಭುಜಗಳು ಇವೆ. ಅವುಗಳಲ್ಲಿ ಒಂದನ್ನು ಇಲ್ಲ ಎನ್ನಲು ನನಗೆ ಕಾರಣ ಸಿಗಲಿಲ್ಲ.

ನಮ್ಮದು ವಿಜಯನಗರದ ಮೆಟ್ರೋ ನಿಲ್ದಾಣಕ್ಕೆ ಹತ್ತಿರವಿರುವ ಪಿಯು ಕಾಲೇಜು. ಪಾಠಕ್ಕಿಂತ ಹೆಚ್ಚಾಗಿ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ತರಬೇತಿ ನಡೆಯುತ್ತದೆ. ವರ್ಷಕ್ಕೊಮ್ಮೆ ಮೊದಲ ಪಿಯುನ ಹತ್ತು ಮಕ್ಕಳನ್ನು ಆರಿಸಿ ಗಣಿತ ಒಲಿಂಪಿಯಾಡ್‌ನ ಮೊದಲ ಹಂತಕ್ಕೆ ಕಳಿಸುತ್ತಾರೆ. ಎರಡನೇ ಪಿಯು ಮಕ್ಕಳನ್ನು ಕಳಿಸುವುದಿಲ್ಲ, ಅವರಿಗೆ ಬೋರ್ಡ್ ಪರೀಕ್ಷೆ. ಹಾಗಾಗಿ ನನಗೆ ಇದ್ದದ್ದು ಈ ಒಂದು ಸಲ. ಎಂಟನೇ ಕ್ಲಾಸಿನಿಂದ ನಾನು ಆ ಪರೀಕ್ಷೆಯ ಹಳೆಯ ಪ್ರಶ್ನೆಗಳನ್ನು ಬಿಡಿಸುತ್ತ ಬಂದಿದ್ದೆ. ಯಾವ ದಿನ ಯಾವ ಲೆಕ್ಕ, ಬಂತೋ ಅರ್ಧ ಬಂತೋ ಬರಲೇ ಇಲ್ಲವೋ ಎಂದು ದಿನಚರಿಯಲ್ಲಿ ಗೀಟು ಹಾಕಿಡುವುದು ಅಭ್ಯಾಸ. ಬರಲೇ ಇಲ್ಲ ಎನ್ನುವ ಗೀಟುಗಳೇ ಹೆಚ್ಚು. ಅದರಿಂದ ನನಗೆ ಬೇಸರವಾದದ್ದಿಲ್ಲ. ಒಂದರಿಂದ ಇಪ್ಪತ್ತನಾಲ್ಕರವರೆಗೆ ಗುಣಿಸಿದರೆ ಕೊನೆಗೆ ನಾಲ್ಕು ಸೊನ್ನೆ ಬರುತ್ತವೆ. ಇಪ್ಪತ್ತೈದನ್ನೂ ಸೇರಿಸಿ ಗುಣಿಸಿದರೆ ಒಮ್ಮೆಗೇ ಆರು. ಐದು ಸೊನ್ನೆ ಎಂಬುದು ಬರುವುದೇ ಇಲ್ಲ, ಪ್ರಿನ್ಸಿಪಾಲರು ಸುತ್ತೋಲೆ ಕಳಿಸಿದರೂ ಬರುವುದಿಲ್ಲ. ಗಣಿತದಲ್ಲಿ ನನಗೆ ಹಿಡಿಸಿದ್ದೇ ಅದು.

ಜ್ಯಾಮಿತಿಯಲ್ಲಿ ನನಗೊಂದು ಪದ್ಧತಿ ಇತ್ತು. ಪ್ರತಿ ಲೆಕ್ಕಕ್ಕೂ ಮೂರು ಚಿತ್ರ ಬರೆಯುತ್ತಿದ್ದೆ, ಒಂದು ನೆಟ್ಟಗಿರುವುದು, ಒಂದು ವಾಲಿದ್ದು, ಒಂದು ಎಷ್ಟು ಸಾಧ್ಯವೋ ಅಷ್ಟು ಕುರೂಪದ್ದು. ಮೊದಲ ಚಿತ್ರ ಮೋಸ ಮಾಡಿದಾಗಲೆಲ್ಲ ಅದಕ್ಕೂ ಒಂದು ಗೀಟು. ಈ ಪದ್ಧತಿ ಹುಟ್ಟಿದ್ದು ನಮ್ಮ ಗಣಿತದ ಸಾರ್ ಅವರಿಂದಲೇ, ಅವರಿಗೆ ಗೊತ್ತಿಲ್ಲದೆ. ಅವರು ಬೋರ್ಡಿನ ಮೇಲೆ ಒಂದೇ ತ್ರಿಭುಜ ಬರೆಯುತ್ತಾರೆ. A ಮೇಲೆ, B ಎಡಕ್ಕೆ, C ಬಲಕ್ಕೆ, ತುದಿ ಸ್ವಲ್ಪ ಎಡಕ್ಕೆ ವಾಲಿದ್ದು. ಸೀಮೆಸುಣ್ಣ ಎತ್ತದೆ ಮೂರು ಗೆರೆಯೂ ಮುಗಿಯುತ್ತವೆ. ಯಾವ ಲೆಕ್ಕ ಬಂದರೂ ಅದೇ. ಇಡೀ ತರಗತಿಯ ನೋಟ್ಸಿನಲ್ಲಿ ಅದೇ ತ್ರಿಭುಜ, ಅದೇ ವಾಲು. ಮೂರೂ ಕೋನಗಳು ತೊಂಬತ್ತಕ್ಕಿಂತ ಕಡಿಮೆ ಇರುವ ಆ ಅಕ್ಯೂಟ್ ತ್ರಿಭುಜದಲ್ಲಿ ಲಂಬ ಯಾವತ್ತೂ ಹೊರಗೆ ಬೀಳುವುದಿಲ್ಲ.

ಆಯ್ಕೆ ಪರೀಕ್ಷೆ ಮುಗಿದ ಮೇಲೆ ಗೆಳತಿಯ ಜೊತೆ ನಿಲ್ದಾಣದವರೆಗೆ ನಡೆದೆ. ಒಂದೇ ಬೆಂಚಿನಲ್ಲಿ ಕೂರುವವರು ನಾವು. ಅವಳು ಕೆಂಗೇರಿಗೆ ಮೆಟ್ರೋ ಹತ್ತುತ್ತಾಳೆ, ನಾನು ಕುರುಬರಹಳ್ಳಿಗೆ ಬಸ್ಸು ಹಿಡಿಯುತ್ತೇನೆ. ಹದಿಮೂರಕ್ಕೆ ನೀನು ಏನು ತುಂಬಿಸಿದೆ ಎಂದು ಕೇಳಿದೆ.

"84."

"24 ಕಾಣ್ಲಿಲ್ವಾ?"

"ಕಾಣ್ತು ಕಣೇ. ಆದ್ರೆ ಸಾರ್ ತಲೇಲಿ ಎಷ್ಟು ತ್ರಿಭುಜ ಇದೆ ಅಂತ ನೋಡ್ಕೊಂಡೆ. ಒಂದೇ ಇತ್ತು." ಆಮೇಲೆ ನನ್ನ ಮುಖ ನೋಡಿ ನಿಂತುಬಿಟ್ಟಳು. "ಲೇ, ನೀನು 24 ಹಾಕಿದ್ಯಾ?"

"ಎರಡೂ ಹಾಕಿದೀನಿ."

"ಎರಡೂ! ಮೆಷಿನ್ ಅದನ್ನ ಓದೋದೇ ಇಲ್ಲ ಕಣೇ, ಹುಚ್ಚಿ. ಸೊನ್ನೆ ಕೊಡುತ್ತೆ."

ಮೆಷಿನ್ ಸೊನ್ನೆಯನ್ನೇ ಕೊಟ್ಟಿತು. ಬುಧವಾರ ಪಟ್ಟಿ ಹಾಕಿದರು. ಹತ್ತನೆಯ ಸ್ಥಾನ ಗೆಳತಿಗೆ, ಮೂವತ್ತೆಂಟು ಅಂಕ. ಹನ್ನೊಂದನೆಯದು ನನಗೆ, ಮೂವತ್ತಾರು. ಹದಿಮೂರನೇ ಪ್ರಶ್ನೆಗೆ ಇದ್ದದ್ದು ಮೂರು ಅಂಕ. ಕೂಡಿಸುವುದಕ್ಕೆ ಒಲಿಂಪಿಯಾಡ್ ಬೇಕಿರಲಿಲ್ಲ.

ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿಗೆ ಹೋದೆ. ಸಾರ್ ಡಬ್ಬಿ ಮುಚ್ಚಿ ಕೈ ಒರೆಸಿಕೊಳ್ಳುತ್ತಿದ್ದರು. ನಾನು ಬರೆದುಕೊಂಡು ಹೋಗಿದ್ದ ಎರಡು ಚಿತ್ರಗಳನ್ನು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಎಷ್ಟು ಬೇಗ ಅರ್ಥವಾಯಿತು ಎಂದು ಅವರ ಹುಬ್ಬಿನಲ್ಲೇ ಕಂಡಿತು. ಅವರು ದಡ್ಡರಲ್ಲ.

"ಸರಿ ಇದೆ," ಅಂದರು. "ಆದ್ರೆ ಟ್ರಯಾಂಗಲ್ ಅಂತ ಸುಮ್ನೆ ಕೊಟ್ಟಾಗ ಅಕ್ಯೂಟ್ ಅಂತ ತಗೋಬೇಕಮ್ಮ. ಅದು ಅಂಡರ್‌ಸ್ಟುಡ್."

"ಯಾರಿಗೆ ಸಾರ್?"

ಪಕ್ಕದ ಮೇಜಿನ ಕೆಮಿಸ್ಟ್ರಿ ಮೇಡಂ ಕೆಮ್ಮಿದರು. ಸಾರ್ ನನ್ನ ಕಾಗದವನ್ನು ನನ್ನ ಕಡೆಗೆ ತಳ್ಳಿದರು.

"ನೋಡು, ನಲವತ್ತು ಜನ 84 ಬರ್ದಿದಾರೆ. ಯಾರೂ ಬಂದು ಕೇಳ್ಲಿಲ್ಲ. ನಿಂಗೂ ಬಂದಿತ್ತಲ್ಲ 84? ಅದೊಂದೇ ತುಂಬಿಸಿದ್ರೆ ಏನಾಗ್ತಿತ್ತು?"

"ಪ್ರಶ್ನೆ ತಪ್ಪು ಅಂತ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಸಾರ್."

ಅವರ ದನಿ ಬದಲಾಯಿತು. "ಸರಿ, ನಿಂಗೆ ಮೂರು ಮಾರ್ಕ್ಸ್ ಕೊಡ್ತೀನಿ ಅಂತಿಟ್ಕೋ. ಇಲ್ಲ, ಪ್ರಶ್ನೇನೇ ಕ್ಯಾನ್ಸಲ್ ಮಾಡ್ತೀನಿ ಅಂತಿಟ್ಕೋ. ಎರಡರಲ್ಲಿ ಏನ್ ಮಾಡಿದ್ರೂ ಹತ್ತನೇ ಹುಡುಗಿ ಹೊರಗೆ. ನಿನ್ನ ಫ್ರೆಂಡ್ ತಾನೇ? ಹೇಳು, ತೆಗೀಲಾ?"

ಇದನ್ನು ನಾನು ಯೋಚಿಸಿಯೇ ಹೋಗಿದ್ದೆ. "ತೆಗೀಬೇಡಿ. ಹನ್ನೊಂದು ಜನಾನ ಕಳಿಸಿ."

"ಹತ್ತು ಅಂದ್ರೆ ಹತ್ತು. ಮ್ಯಾನೇಜ್‌ಮೆಂಟ್ ರೂಲು."

"ಹಂಗಾದ್ರೆ ಪ್ರಶ್ನೆ ತಪ್ಪಿತ್ತು ಅಂತ ಕ್ಲಾಸಲ್ಲಿ ಹೇಳಿ ಸಾರ್. ಪಟ್ಟಿ ವಿಷಯ ಆಮೇಲೆ."

"ಹೋಗಮ್ಮ, ಬೆಲ್ ಆಗುತ್ತೆ," ಅಂದರು.

ಮನೆಯಲ್ಲಿ ಹೇಳಿದಾಗ ಅಪ್ಪ ಟಿವಿಯ ದನಿ ಕಡಿಮೆ ಮಾಡಿದರು. ಅವರು ಹಾವೇರಿ ಕಡೆಯವರು, ನೋಂದಣಿ ಕಚೇರಿಯಲ್ಲಿ ಗುಮಾಸ್ತರು. ಬೆಂಗಳೂರಿಗೆ ಬಂದು ಎಷ್ಟು ವರ್ಷವಾದರೂ ಮನೆಯೊಳಗೆ ಅವರ ಮಾತು ಬದಲಾಗಿಲ್ಲ.

"ಒಂದು ಕಾಲಮ್‌ದಾಗ ಎರಡು ಬರದ್ರ ಅರ್ಜಿ ವಾಪಸ್ ಬರ್ತೈತಿ ಅಂತ ನಮ್ಮ ಜವಾನಗೂ ಗೊತ್ತೈತವಾ. ಎಂಬತ್ನಾಕು ಅಂತ ಬರದು ಬಂದಿದ್ರ ನಿನ್ನ ಗಂಟೇನ್ ಹೋಗ್ತಿತ್ತು?"

"ಅರ್ಜಿ ತಪ್ಪಿದ್ರೆ?"

"ಅರ್ಜಿ ತಪ್ಪಿದ್ರೂ ತುಂಬೋರು ಸರಿಯಾಗೇ ತುಂಬಬೇಕು. ಅದ ಗೌರ್ಮೆಂಟು."

ಅಮ್ಮ ಒಳಗಿನಿಂದ, "ಆಕಿ ಏನ್ ಸುಳ್ಳು ಬರದಾಳೇನ್ರಿ? ಎರಡೂ ಖರೇನ ಬರದಾಳ," ಅಂದರು. ಅಪ್ಪ, "ಹೆಚ್ಚಿಗಿ ಖರೆ ಬರದಾಳ, ಅದಕ್ಕ ಹೋತು," ಅಂದು ಟಿವಿಯ ದನಿ ಮತ್ತೆ ಏರಿಸಿದರು. ನಗು ಬಂತು, ಆದರೂ ಅವರಿಬ್ಬರೂ ನನ್ನ ಸ್ಥಾನ ಹೋಯಿತೆಂದು ಒಪ್ಪಿಕೊಂಡುಬಿಟ್ಟಿದ್ದು ನನ್ನನ್ನು ಕೆರಳಿಸಿತು. ದಿನಚರಿಯ ಅಂದಿನ ಪುಟದಲ್ಲಿ ಬರೆದದ್ದು ಒಂದೇ ಸಾಲು: ನಾಳೆ ಬೋರ್ಡಿನ ಮೇಲೆ.

ಅದಕ್ಕೂ ಮೊದಲು ಗೆಳತಿಗೆ ಹೇಳಬೇಕಿತ್ತು. ಗುರುವಾರ ಬೆಳಿಗ್ಗೆ ನಿಲ್ದಾಣದ ಮೆಟ್ಟಿಲ ಬಳಿ ಕಾದು ನಿಂತು, ಸಾರ್ ಹೇಳಿದ್ದನ್ನೂ ನಾನು ಹೇಳಿದ್ದನ್ನೂ, ಇವತ್ತು ತರಗತಿಯಲ್ಲಿ ಕೇಳಲಿರುವುದನ್ನೂ ಬಿಡದೆ ಹೇಳಿದೆ.

"ಅಂದ್ರೆ ನನ್ನ ಸೀಟಿಗೆ ಬಂದಿದೀಯಾ."

"ನಿನ್ನ ಸೀಟು ತೆಗೀಬೇಡಿ ಅಂದೆ."

"ಅಂದೆ. ಆದ್ರೆ ಅವ್ರು ಒಪ್ಪಿದ್ರೆ ಹೋಗೋದು ನಂದೇ ತಾನೇ? ಗೊತ್ತಿದ್ದೂ ಇವತ್ತು ಎದ್ದು ನಿಲ್ತೀಯಾ?"

"ನಿಲ್ತೀನಿ."

"ನಿಲ್ಲು," ಅಂದು ಮುಂದೆ ಮುಂದೆ ನಡೆದುಬಿಟ್ಟಳು. ತರಗತಿಯಲ್ಲಿ ಅವಳು ಬೆಂಚಿನ ಆ ತುದಿಗೆ ಕೂತಳು, ಬ್ಯಾಗನ್ನು ನಮ್ಮಿಬ್ಬರ ನಡುವೆ ಇಟ್ಟಳು. ಅವಳ ಕೋಪ ನ್ಯಾಯವಾದದ್ದೇ. ಆದರೂ ನನ್ನ ತ್ರಿಭುಜ ಅದರಿಂದ ಇಲ್ಲವಾಗುತ್ತಿರಲಿಲ್ಲ.

ಗುರುವಾರ ಕೊನೆಯ ಅವಧಿ ಸಂದೇಹ ಕೇಳುವುದಕ್ಕೆ. ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ, ಬೇಗ ಬಿಟ್ಟರೆ ಸಾಕು ಎಂದು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ. ನಾನು ಎದ್ದು, ಆಯ್ಕೆ ಪರೀಕ್ಷೆಯ ಹದಿಮೂರನೇ ಪ್ರಶ್ನೆ ಬಿಡಿಸಿ ತೋರಿಸಲಾ ಸಾರ್ ಅಂದೆ. ಅವರು ಗಡಿಯಾರ ನೋಡಿ, ಬೇಡ ಎನ್ನಲು ನೆಪ ಸಿಗದೆ, ಸೀಮೆಸುಣ್ಣ ಕೊಟ್ಟರು.

ಹಿಂದಿನ ಬೆಂಚಿನಿಂದ ಒಬ್ಬ, "ಮಗಾ, ಕಾಂಬೋ ಆಫರ್ ಬಂತು ನೋಡೋ. ಒಂದು ಆನ್ಸರ್ ತಗೊಂಡ್ರೆ ಇನ್ನೊಂದು ಫ್ರೀ," ಅಂದ. ನಗು ಎದ್ದಿತು. ನಗು ಮುಗಿಯುವವರೆಗೆ ನಾನು ಬೋರ್ಡಿಗೆ ಮುಖ ಮಾಡಿ ನಿಂತೆ. ಆಮೇಲೆ ಸಾರ್ ಬರೆಯುವ ತ್ರಿಭುಜವನ್ನು ಅವರ ಹಾಗೆಯೇ ಬರೆದು 84 ತೆಗೆದೆ. ಪಕ್ಕದಲ್ಲಿ ಉದ್ದಕ್ಕೆ ಮಲಗಿದಂತಿರುವ, ನೋಡಲು ಏನೂ ಚೆಂದವಿಲ್ಲದ ಎರಡನೆಯದನ್ನು ಬರೆದು 24 ತೆಗೆದೆ. ತಿರುಗಿ, "ಪ್ರಶ್ನೇಲಿ ಕೊಟ್ಟಿರೋ ಯಾವ ಅಳತೆ ಎರಡನೇದಕ್ಕೆ ಹೊಂದಲ್ಲ, ಯಾರಾದ್ರೂ ಹೇಳಿ," ಅಂದೆ.

ಕಾಂಬೋ ಎಂದವನು ನಿಜವಾಗಿಯೂ ಪುಸ್ತಕ ತೆಗೆದು ವರ್ಗ ಮಾಡಿ ನೋಡುತ್ತಿದ್ದ.

"ಇದು ಎಕ್ಸಾಂ ಹಾಲಲ್ಲಿ ಯಾರಿಗೂ ಹೊಳೆಯೋ ವಿಷಯ ಅಲ್ಲ," ಅಂದರು ಸಾರ್, ತರಗತಿಗೆ.

"ನನಗೆ ಹೊಳೆದಿತ್ತು ಸಾರ್."

ಮಾತಾಡಿದ್ದು ಗೆಳತಿ. ಎದ್ದು ನಿಂತಿದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ. "24 ಕೂಡ ಬಂದಿತ್ತು. ನೀವು ಯಾವ್ದಕ್ಕೆ ಮಾರ್ಕ್ಸ್ ಕೊಡ್ತೀರಾ ಅಂತ ಗೊತ್ತಿದ್ದಕ್ಕೆ 84 ತುಂಬಿಸಿದೆ."

ಅವಳ ಹಿಂದೆ ಇನ್ನಿಬ್ಬರು ಕೈ ಎತ್ತಿದರು, ಅವರಿಬ್ಬರೂ ಪಟ್ಟಿಯಲ್ಲಿದ್ದವರು. ಸಾರ್ ಬೋರ್ಡನ್ನು ನೋಡಿದರು, ಕೈ ಎತ್ತಿದವರನ್ನು ನೋಡಿದರು. "ಪ್ರಶ್ನೆ ಇನ್ನೂ ಸ್ಪಷ್ಟವಾಗಿರಬೇಕಿತ್ತು. ಪಟ್ಟಿ ಆಗಲೇ ಕಳ್ಸಿದೀವಿ," ಎಂದು ಎರಡೂ ಮಾತನ್ನು ಒಂದೇ ಉಸಿರಿಗೆ ಹೇಳಿ, ಬೆಲ್ಲಿಗೆ ಮೊದಲೇ ಬಿಟ್ಟರು. ನನಗೆ ಸಿಕ್ಕಿದ್ದು ಅಷ್ಟೇ. ಪಟ್ಟಿ ಬದಲಾಗಲಿಲ್ಲ.

ಹೊರಗೆ ಬಂದಾಗ ಗೆಳತಿಗೆ ಥ್ಯಾಂಕ್ಸ್ ಅಂದೆ. "ನಿನಗೋಸ್ಕರ ಹೇಳ್ಲಿಲ್ಲ," ಅಂದಳು. "ಯಾರಿಗೂ ಹೊಳೆಯಲ್ಲ ಅಂದ್ರಲ್ಲ, ಅದಕ್ಕೆ ಉರೀತು." ಮೂರು ದಿನ ನಮ್ಮ ಮಾತು ಇಷ್ಟರಲ್ಲೇ ನಿಂತಿತ್ತು. ನಾಲ್ಕನೆಯ ದಿನ ಅವಳೇ ಬ್ಯಾಗನ್ನು ಬೆಂಚಿನ ಕೆಳಗಿಟ್ಟಳು.

ಸೆಪ್ಟೆಂಬರ್ ಮೊದಲ ಭಾನುವಾರ ಆ ಹತ್ತು ಮಂದಿ ಪರೀಕ್ಷೆಗೆ ಹೋದರು. ಮಧ್ಯಾಹ್ನ ಗೆಳತಿ ಕೇಂದ್ರದಿಂದ ನೇರವಾಗಿ ನಮ್ಮ ಮನೆಗೆ ಬಂದು ಪ್ರಶ್ನೆಪತ್ರಿಕೆಯನ್ನು ಮಡಿಸಿದ ಹಾಗೆಯೇ ನನ್ನ ಕೈಗೆ ಕೊಟ್ಟಳು. ಮೂರು ಗಂಟೆ ನಾನು ಕೋಣೆಯಲ್ಲಿ ಕೂತು ಬರೆದೆ, ಅವಳು ನಡುಮನೆಯಲ್ಲಿ ಅಮ್ಮ ಕೊಟ್ಟ ರೊಟ್ಟಿ ತಿಂದು ನಿದ್ದೆ ಹೋದಳು. ಬಾಗಿಲು ತೆರೆದು ನೋಡಿದ ಅಪ್ಪ, "ಯಾರು ತಿದ್ತಾರವಾ ಇದನ್ನ?" ಎಂದು ಕೇಳಿದರು. ಯಾರೂ ತಿದ್ದುವುದಿಲ್ಲ ಅಂದೆ. ಅವರು ಫ್ಯಾನಿನ ವೇಗ ಹೆಚ್ಚಿಸಿ ಹೋದರು. ಆಮೇಲೆ ಗೆಳತಿಯೂ ನಾನೂ ಉತ್ತರ ಹೋಲಿಸಿದೆವು. ನನಗೆ ಅವಳಿಗಿಂತ ಎರಡು ಹೆಚ್ಚು ಸರಿಯಿದ್ದವು. ಅವಳು ಒಂದು ಕೆಟ್ಟ ಬೈಗುಳ ಬೈದಳು. ನಾನು ತೇದಿ ಹಾಕಿ ಗೀಟುಗಳನ್ನು ಎಳೆದೆ. ಆ ಎರಡು ಗೀಟುಗಳಿಗೆ ಲೋಕದಲ್ಲಿ ಯಾವ ಬೆಲೆಯೂ ಇಲ್ಲವೆಂದು ಗೊತ್ತಿತ್ತು. ಎಂದಿಗಿಂತ ಒತ್ತಿ ಎಳೆದೆ.

ತಿಂಗಳ ಕೊನೆಯಲ್ಲಿ ಕಾಲೇಜಿನ ಮಾಮೂಲಿ ಟೆಸ್ಟು ಬಂತು. ಜ್ಯಾಮಿತಿಯ ಮೊದಲ ಪ್ರಶ್ನೆ ಓದುವಾಗ ಗೆಳತಿ ಮೊಣಕೈಯಿಂದ ತಿವಿದಳು. ABC ಒಂದು ಅಕ್ಯೂಟ್ ತ್ರಿಭುಜ ಎಂದು ಶುರುವಾಗಿತ್ತು. ಅದರ ಮುಂದಿನ ಪ್ರಶ್ನೆಯೂ ಹಾಗೆಯೇ. ಇದುವರೆಗಿನ ನಮ್ಮ ಯಾವ ಪ್ರಶ್ನೆಪತ್ರಿಕೆಯಲ್ಲೂ ಆ ಪದ ಅಚ್ಚಾಗಿರಲಿಲ್ಲ.

ಟೆಸ್ಟು ಮುಗಿದು ಹೊರಬರುವಾಗ ಸಾರ್ ಕಾರಿಡಾರಿನಲ್ಲಿ ಉತ್ತರಪತ್ರಿಕೆಗಳ ಕಟ್ಟು ಹಿಡಿದು ನಿಂತಿದ್ದರು.

"ಏನಮ್ಮ, ನೋಡಿದ್ಯಾ? ಈಗ ಸಮಾಧಾನಾನಾ?"

ಹೌದು ಎಂದು ಬಿಡಬಹುದಿತ್ತು. ಅವರು ನಗುತ್ತಲೇ ಕೇಳಿದ್ದರು, ಪಕ್ಕದಲ್ಲಿ ಕೆಮಿಸ್ಟ್ರಿ ಮೇಡಂ ಕೂಡ ನಗುತ್ತಿದ್ದರು. ಮುಂದಿನ ವರ್ಷದ ಮಕ್ಕಳಿಗೆ ಆ ಪದ ಸಿಗುತ್ತದೆ, ಒಳ್ಳೆಯದೇ. ಆದರೆ ಆ ಭಾನುವಾರ ಮೂರು ಗಂಟೆ ನಾನು ಕೂರಬೇಕಾಗಿದ್ದ ಕುರ್ಚಿ ಇದ್ದದ್ದು ಪರೀಕ್ಷಾ ಕೇಂದ್ರದಲ್ಲಿ.

"ಇಲ್ಲ ಸಾರ್," ಅಂದೆ. "ನನಗೆ ಬೇಕಿದ್ದಿದ್ದು ಹನ್ನೊಂದನೇ ಸೀಟು."

ಅವರ ನಗು ನಿಂತಿತು. ಕಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು. ಉತ್ತರ ಬರಬಹುದೇನೋ ಎಂದು ನಾನು ದಾರಿ ಬಿಡದೆ ಅಲ್ಲೇ ನಿಂತೆ.