ಅಕ್ಕನ ಚಿನ್ನ

ನಮ್ಮೂರ ಅಕ್ಕಸಾಲಿ ಮಹಾ ಮುಂಗೋಪಿ. ಊದುಗೊಳವೆ ಊದಿ ಊದಿ ಕೆನ್ನೆ ಜೋತುಬಿದ್ದಿದ್ದರೂ ನಾಲಿಗೆ ಮಾತ್ರ ಚೂಪಾಗಿಯೇ ಇತ್ತು. ಊರಾಚೆಯ ಹಳೇ ಚಿನ್ನದ ಗಣಿಯನ್ನು ಮತ್ತೆ ತೆರೆಯುತ್ತಾರೆಂದಾಗ, ಬೇಡವೆಂದು ಗೇಟಿನೆದುರು ಮೊದಲು ಕೂತವನು ಅವನೇ. ಚಿನ್ನ ನಂಬಿ ಬದುಕುವವನೇ ಚಿನ್ನ ಬೇಡವೆಂದರೆ ನಂಬುವುದು ಹೇಗೆ? ಜೊತೆಗೆ ಕೂತವರೂ ಅವನನ್ನು ಓರೆಗಣ್ಣಿನಿಂದಲೇ ನೋಡುತ್ತಿದ್ದರು.

ಕಂಪನಿಯ ಮ್ಯಾನೇಜರ್ ಜೀಪಿನಿಂದಿಳಿದು ನಕ್ಕ. "ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅಂತಾರೆ. ನಿಮಗೇನು ಯಜಮಾನ್ರೇ, ಇಷ್ಟೊಂದು ವೈರಾಗ್ಯ?"

ಯಾರೂ ನಗಲಿಲ್ಲ. ಅಕ್ಕಸಾಲಿ ಮೊಣಕಾಲು ಹಿಡಿದುಕೊಂಡು ಎದ್ದು, ಗೇಟಿಗೆ ಬೆನ್ನು ಕೊಟ್ಟು ನಿಂತ.

"ಗಾದೆ ಸುಳ್ಳಲ್ಲ ಸ್ವಾಮಿ. ಗಣಿ ಕುಸಿದಾಗ ನಮ್ಮ ಭಾವ ಒಳಗಿದ್ರು. ಹೆಣಾನೂ ತೆಗೀದೆ ಬಾಗಿಲು ಮುಚ್ಚಿದ್ರಿ. ನಮ್ಮಕ್ಕನ ಚಿನ್ನ ಇನ್ನೂ ಅಲ್ಲೇ ಇದೆ. ನಾನು ಬಿಡಲ್ಲ."