ಕೆಂಪು ಗೆರೆಗಿಂತ ಗಿಡ್ಡಗಿದ್ದ ಹುಡುಗಿ

ಅಕ್ಕ ತನ್ನ ಮಗಳ ನೆತ್ತಿಯ ಮೇಲೆ ಜುಟ್ಟು ಬಿಗಿದದ್ದನ್ನು ನೆನೆದರೆ ನನಗೆ ಇವತ್ತಿಗೂ ವಾಕರಿಕೆ ಬರುತ್ತದೆ. ಅದು ಅಲಂಕಾರದ ಜುಟ್ಟಲ್ಲ. ಆರು ವರ್ಷದ ಮಗುವನ್ನು ಎರಡು ಬೆರಳಷ್ಟು ಉದ್ದ ಮಾಡಲು ಕಟ್ಟಿದ್ದು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಎಂ.ಎಸ್ಸಿ. ಮುಗಿಸಿ ತಿರುವನಂತಪುರದಲ್ಲಿ ಅಕ್ಕ-ಭಾವನ ಜೊತೆಗಿದ್ದೆ. ಭಾವ ಊರಾಚೆಯ ತುಂಬದ ರಾಕೆಟ್ ಕೇಂದ್ರದಲ್ಲಿ ಇಂಜಿನಿಯರ್. ಅಲ್ಲಿದ್ದ ಕನ್ನಡದ ಮನೆಗಳವರು ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಎಲ್ಲಿಗಾದರೂ ಹೋಗುತ್ತಿದ್ದರು. ಆ ವರ್ಷ ಕೊಚ್ಚಿಯ ಹೊರಗಿನ ಒಂದು ಸಣ್ಣ ಪಾರ್ಕಿಗೆ ಹೋದೆವು. ಈಗ ಅದು ಇಲ್ಲ. ಅಲ್ಲೇ ಹತ್ತಿರ ಅಂಬಲಮುಗಳ್‌ನಲ್ಲಿದ್ದ ಭಾವನ ಸ್ನೇಹಿತರ ಸಂಸಾರ ನೇರವಾಗಿ ಅಲ್ಲಿಗೇ ಬಂದಿತ್ತು.

ಅಲ್ಲೊಂದು ಆಟವಿತ್ತು. ಕಬ್ಬಿಣದ ತೋಳುಗಳ ತುದಿಯಲ್ಲಿ ಇಬ್ಬಿಬ್ಬರು ಕೂರುವ ತೊಟ್ಟಿಲುಗಳು. ತಿರುಗುತ್ತಲೇ ಮೇಲೇಳುತ್ತವೆ, ವಾಲುತ್ತವೆ. ಇಬ್ಬರ ತೊಡೆಗೂ ಸೇರಿ ಒಂದೇ ಅಡ್ಡಸರಳು. ಬಾಗಿಲ ಕಂಬಕ್ಕೆ ಕೆಂಪು ಗೆರೆ ಎಳೆದು, ಅದಕ್ಕಿಂತ ಗಿಡ್ಡಗಿರುವ ಮಕ್ಕಳು ದೊಡ್ಡವರ ಜೊತೆಗೇ ಕೂರಬೇಕು ಎಂದು ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಬರೆದಿದ್ದರು.

ಅಕ್ಕನಿಗೆ ತಲೆಸುತ್ತು. ಭಾವನಿಗೆ ಫೋಟೋದ ಹುಚ್ಚು. ಮಗಳು ದೊಡ್ಡವರಿಲ್ಲದೆ ಆಕಾಶದಲ್ಲಿ ಕೂತ ಫೋಟೋ ಮೈಸೂರಿನಲ್ಲಿದ್ದ ತಮ್ಮ ಅಪ್ಪನಿಗೆ ಹೋಗಬೇಕು ಎಂದು ಅವರ ಹಟ.

"ಭಾವ, ನಾನು ಜೊತೆಗೆ ಕೂತ್ಕೋತೀನಿ," ಅಂದೆ.

"ನೀನು ಕೂತ್ರೆ ಫೋಟೋ ತುಂಬ ನೀನೇ ಇರ್ತೀಯ ಬಿಡಮ್ಮ," ಅಂದರು. ಹೆಂಗಸರೆಲ್ಲ ನಕ್ಕರು.

ಮಗು ಕಂಬಕ್ಕೆ ಬೆನ್ನು ಕೊಟ್ಟು ನಿಂತಾಗ ನೆತ್ತಿ ಗೆರೆಯ ಕೆಳಗೇ ಉಳಿಯಿತು. ಬಾಗಿಲಲ್ಲಿದ್ದವನು ಕೈಯಾಡಿಸಿದ. "ಪಟ್ಟಿಲ್ಲ ಸಾರ್," ಆಗೋದಿಲ್ಲ ಅಂದ. ಅಕ್ಕ ಮಗುವನ್ನು ಪಕ್ಕಕ್ಕೆಳೆದು ಎರಡು ಜಡೆ ಬಿಚ್ಚಿ, ಕೂದಲನ್ನೆಲ್ಲ ಮೇಲಕ್ಕೆತ್ತಿ ಗಂಟು ಹಾಕಿದಳು. "ಈಗ ನೋಡ್ರೀ, ನಮ್ಮ ಪುಟ್ಟಿ ಕಾಲೇಜಿಗೆ ಹೋಗ್ತಾಳೆ!" ಮತ್ತೆ ನಗು. ಭಾವ ಬಾಗಿಲಿನವನಿಗೆ ಇಂಗ್ಲಿಷಿನಲ್ಲಿ ಕೇಂದ್ರಾಪಗಾಮಿ ಬಲದ ಪಾಠ ಹೇಳಿದರು: ತಿರುಗುವಾಗ ಮೈ ಸೀಟಿಗೇ ಒತ್ತಿಕೊಳ್ಳುತ್ತದೆ, ಬೀಳುವ ಪ್ರಶ್ನೆಯೇ ಇಲ್ಲ. ರಾಕೆಟ್ಟಿನ ಊರಿನವರ ಲೆಕ್ಕ. ಹಿಂದೆ ಸಾಲು ಬೆಳೆದಿತ್ತು. ಅವನು ಸೋತು ಸರಪಳಿ ತೆಗೆದ.

ಭಾವನ ಸ್ನೇಹಿತರ ಮಗಳ ಪಕ್ಕದಲ್ಲಿ ಮಗುವನ್ನು ಕೂರಿಸಿದರು. ಹೈಸ್ಕೂಲಿನ ಹುಡುಗಿ, ಮೈಕೈ ತುಂಬಿಕೊಂಡವಳು. ಸರಳು ಇಳಿದು ಅವಳ ತೊಡೆಗೆ ತಗುಲಿ ನಿಂತಿತು. ಮಗುವಿನ ತೊಡೆಗೂ ಸರಳಿಗೂ ನಡುವೆ ಒಂದು ಬೆಕ್ಕು ನುಸುಳುವಷ್ಟು ಜಾಗ. ನಾನು ಅದನ್ನು ನೋಡಿ ಕೂಗುವಷ್ಟರಲ್ಲಿ ತೊಟ್ಟಿಲು ನೆಲ ಬಿಟ್ಟಿತ್ತು.

ಮೊದಲ ಸುತ್ತಿನಲ್ಲಿ ಮಗು ನಗುತ್ತಿತ್ತು. ತೊಟ್ಟಿಲು ಮುಂದಕ್ಕೆ ವಾಲಿದಾಗ ಹಳದಿ ಫ್ರಾಕು ಸರಳಿನ ಕೆಳಗೆ ಜಾರಿತು. ಮೊದಲು ಕಾಲು, ಆಮೇಲೆ ಹೊಟ್ಟೆ. ಸರಳು ಗದ್ದದ ಹತ್ತಿರ ಬಂತು. ಪಕ್ಕದ ಹುಡುಗಿ ಒಂದು ಕೈಯಲ್ಲಿ ಮಗುವಿನ ತೋಳು, ಇನ್ನೊಂದರಲ್ಲಿ ಫ್ರಾಕಿನ ಕೊರಳುಪಟ್ಟಿ ಹಿಡಿದು ಚೀರುತ್ತಿದ್ದಳು. ಭಾವ ಕ್ಯಾಮರಾದಿಂದ ಕಣ್ಣು ತೆಗೆಯಲಿಲ್ಲ. "ಪುಟ್ಟೀ, ಈ ಕಡೆ ನೋಡು! ನಗು!"

ನಾನು ಸರಪಳಿ ದಾಟಿ ಓಡಿ ಯಂತ್ರದವನ ಭುಜ ಹಿಡಿದು ಅಲುಗಾಡಿಸಿದೆ. ಅವನು ಆಗಲೇ ಹಿಡಿಕೆ ಎಳೆದಿದ್ದ. ಯಂತ್ರ ಥಟ್ಟನೆ ನಿಲ್ಲುವಂಥದ್ದಲ್ಲ. ತೊಟ್ಟಿಲು ಸಾವಕಾಶವಾಗಿ, ಇನ್ನೊಮ್ಮೆ ಮೇಲೆ ಹೋಗಿಯೇ ಇಳಿಯಿತು. ಆ ಒಂದು ಸುತ್ತು ನನ್ನ ಕಣ್ಣೊಳಗೆ ಇನ್ನೂ ತಿರುಗುತ್ತಿದೆ. ಬಸ್ಸಿನಲ್ಲಿ ತೂಕಡಿಸಿದರೆ ಹಳದಿ ಬಟ್ಟೆ ಜಾರುತ್ತದೆ, ಎಚ್ಚರವಾಗುತ್ತದೆ.

ಇಳಿಸಿದಾಗ ಮಗು ಬೆಳಿಗ್ಗೆ ತಿಂದ ಅಕ್ಕಿಹಿಟ್ಟಿನ ಪುಟ್ಟನ್ನೆಲ್ಲ ನನ್ನ ಸೀರೆಯ ಮೇಲೆ ಕಕ್ಕಿತು. ಅದರಿಂದ ನನಗೆ ಹೇಸಿಗೆಯಾಗಲಿಲ್ಲ. ಹೇಸಿಗೆಯಾದದ್ದು ಆಮೇಲೆ. ಭಾವ ನೇರ ಬಾಗಿಲಿನವನ ಹತ್ತಿರ ಹೋಗಿ, ಇಷ್ಟು ಚಿಕ್ಕ ಮಗುವನ್ನು ಹತ್ತಿಸಲು ನಿನಗೆ ಬುದ್ಧಿ ಇಲ್ಲವೇ ಎಂದು ಇಂಗ್ಲಿಷಿನಲ್ಲೇ ಬೈದರು. ಕಂಪ್ಲೇಂಟ್ ಕೊಡುತ್ತೇನೆ ಎಂದರು. ಅವನು ಬೆವರುತ್ತ ನಿಂತಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಮೊಣಕೈ ಚಿವುಟಿದಳು. "ಏನೂ ಆಗ್ಲಿಲ್ವಲ್ಲ. ನೀನ್ಯಾಕೆ ದೊಡ್ಡದು ಮಾಡ್ತೀಯ?"

ಮಗುವನ್ನು ಹಿಡಿದುಕೊಂಡಿದ್ದ ಹುಡುಗಿ ಉಗುರು ಕಿತ್ತುಹೋದ ಬೆರಳನ್ನು ಬಾಯಲ್ಲಿಟ್ಟುಕೊಂಡು ಒಬ್ಬಳೇ ನಿಂತಿದ್ದಳು. ಅವಳನ್ನು ಯಾರೂ ಮಾತಾಡಿಸಲಿಲ್ಲ. ಆಗಲೇ ಮರದ ನೆರಳಲ್ಲಿ ಬುತ್ತಿ ಬಿಚ್ಚಿ ಚಿತ್ರಾನ್ನಕ್ಕೆ ಉಪ್ಪು ಕಡಿಮೆಯಾಯಿತೆಂಬ ಚರ್ಚೆ ನಡೆದಿತ್ತು. ನನ್ನ ಕರ್ಚೀಫನ್ನು ಒದ್ದೆ ಮಾಡಿ ಅವಳ ಬೆರಳಿಗೆ ಸುತ್ತಿದೆ. ನನಗೆ ಊಟ ಸೇರಲಿಲ್ಲ.

ಮರುದಿನ ತುಂಬದ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯ ಮಲಯಾಳಿ ಚೇಚಿ ಮೆಟ್ಟಿಲ ಮೇಲೆ ನಿಂತು, ಕೊಚ್ಚಿ ಹೇಗಿತ್ತು ಮೋಳೇ, ಹೇಗಿತ್ತು ಮಗಳೇ ಎಂದು ಮಗುವನ್ನು ಕೇಳಿದರು. ಮಗುವಿನ ತೋಳಿನ ಮೇಲೆ ಬೆರಳುಗಳ ಗುರುತು ನೀಲಿಗಟ್ಟಿತ್ತು. ಭಾವ ಬಾಗಿಲಲ್ಲಿ ನಿಂತು, "ಹೇಳು ಪುಟ್ಟೀ, ಅಮ್ಮನೂ ಇಲ್ದೆ ಅಪ್ಪನೂ ಇಲ್ದೆ ಹೋದೆ ಅಂತ ಹೇಳು," ಅಂದರು.

ಮಗು ಒಮ್ಮೆ ಅವರ ಮುಖ ನೋಡಿತು. ಆಮೇಲೆ ತೋಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, ಚೆನ್ನಾಗಿ ಕಲಿತ ಪಾಠ ಒಪ್ಪಿಸುವಂತೆ ಮಲಯಾಳದಲ್ಲಿ ಹೇಳಿತು: ಒಬ್ಬಳೇ ಹೋದೆ, ಪೇಡಿಯೇ ಆಗಲಿಲ್ಲ, ಹೆದರಿಕೆಯೇ ಆಗಲಿಲ್ಲ. ಚೇಚಿ ಅದರ ಕೆನ್ನೆ ಹಿಂಡಿ ಮೆಚ್ಚಿದರು. ನಾನು ಒಳಗೆ ಹೋಗಿ ಬಚ್ಚಲಿನ ಬಾಗಿಲು ಹಾಕಿಕೊಂಡೆ.